ಮನೆಯೊಳಗಿನ ಗಾಳಿ: ಕಿಟಕಿಯೋ, ಎಕ್ಸಾಸ್ಟ್ ಫ್ಯಾನೋ, ಪ್ಯೂರಿಫೈಯರೋ?

ಏರ್ ಪ್ಯೂರಿಫೈಯರ್ ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮುಂಚೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಗಾಳಿಯಲ್ಲಿ ಕೆಟ್ಟಿರುವುದು ಏನು? ಹೊಗೆ, ಧೂಳೇ? ಹೊಸ ಪೇಂಟು, ಹೊಸ ಬೀರುವಿನ ಘಾಟೇ? ಗೋಡೆಯ ಮೂಲೆಯಲ್ಲಿ ಕಪ್ಪಗೆ ಹಬ್ಬಿದ ಬೂಷ್ಟೇ? ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚಿ ಮಲಗುವ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಕಟ್ಟಿಕೊಳ್ಳುವ ಉಸಿರೇ? ಈ ನಾಲ್ಕೂ ಬೇರೆ ಬೇರೆ ತೊಂದರೆಗಳು. ಯಂತ್ರದ ಡಬ್ಬಿಯ ಮೇಲೆ ಎಲ್ಲದಕ್ಕೂ ಪರಿಹಾರ ಎಂದು ಬರೆದಿದ್ದರೂ, ಪ್ಯೂರಿಫೈಯರ್ ಚೆನ್ನಾಗಿ ಮಾಡುವ ಕೆಲಸ ಒಂದೇ: ಗಾಳಿಯಲ್ಲಿ ತೇಲುವ ಕಣಗಳನ್ನು ಹಿಡಿಯುವುದು. ಅನಿಲ, ತೇವ, ಉಸಿರು ಇವು ಮೂರಕ್ಕೂ ಬೇರೆ ದಾರಿಗಳಿವೆ, ಅವುಗಳಲ್ಲಿ ಹೆಚ್ಚಿನವು ಅಗ್ಗವಾಗಿಯೂ ಇವೆ.

ಇದೇನು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಒಲೆಯಿಂದ ಶುರುಮಾಡಿ

ಯಾವ ಯಂತ್ರ ಎಂದು ಹೋಲಿಸುವ ಮೊದಲು ಯಾವ ಬೆಂಕಿ ಎಂದು ಹೋಲಿಸಬೇಕು. ಸೌದೆ, ಇದ್ದಿಲು, ಬೆರಣಿ, ಸೀಮೆಎಣ್ಣೆ ಎಲ್ಲಕ್ಕಿಂತ ಕೆಟ್ಟವು. ಮೇಲೆ ಹೇಳಿದ ಸಾವುಗಳ ಮೂಲ ಇವೇ. ಇವುಗಳ ಜಾಗಕ್ಕೆ ಗ್ಯಾಸ್ ಬಂದರೆ ಆಗುವ ಲಾಭ ಬಹಳ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಗ್ಯಾಸ್ ಬಂದರೆ ಕೆಲಸ ಮುಗಿಯಿತು ಅಂತಲ್ಲ. ಉರಿ ಇದ್ದಲ್ಲಿ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಇದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 40 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು. ಗ್ಯಾಸ್ ಒಲೆಗಳಿಂದ ಬೆಂಜೀನ್ ಕೂಡ ಹೊರಬರುತ್ತದೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಳೆದು ತೋರಿಸಿದರು. ಬೆಂಜೀನ್ ಕ್ಯಾನ್ಸರ್‌ಕಾರಕ. ಉರಿ ನೀಲಿಯಾಗಿ, ತುದಿ ಚೂಪಾಗಿ ನಿಂತಿದ್ದರೆ ಬರ್ನರ್ ಸರಿಯಿದೆ. ಹಳದಿ ನಾಲಗೆ ಚಾಚಿ ಅಲ್ಲಾಡುತ್ತ, ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತಿದ್ದರೆ ಬರ್ನರಿನ ತೂತುಗಳು ಕಟ್ಟಿಕೊಂಡಿವೆ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ ಎಂದು ಅರ್ಥ. ಅಂಥ ಉರಿಯೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೆಚ್ಚು ಬಿಡುವುದು.

ಇಂಡಕ್ಷನ್ ಒಲೆಯಲ್ಲಿ ಉರಿಯೇ ಇಲ್ಲ, ಹಾಗಾಗಿ ಈ ಅನಿಲಗಳೂ ಇಲ್ಲ. ಬದಲಾಯಿಸಲು ಅವಕಾಶವಿದ್ದವರಿಗೆ ನನ್ನ ಆಯ್ಕೆ ಅದೇ. ಆದರೆ ಕಾದ ಎಣ್ಣೆಯಿಂದ, ಸೀಯುವ ಪದಾರ್ಥದಿಂದ ಏಳುವ ಹೊಗೆ ಯಾವ ಒಲೆಯಾದರೂ ಏಳುತ್ತದೆ. ಆದ್ದರಿಂದ ಇಂಡಕ್ಷನ್ ಬಂದಮೇಲೂ ಅಡುಗೆಮನೆಗೆ ಹೊಗೆ ಹೊರಗೆ ಹೋಗುವ ದಾರಿ ಬೇಕು.

ಇನ್ನು ಸೊಳ್ಳೆ ಬತ್ತಿ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತ್ತು. ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚಿ, ಪಕ್ಕದಲ್ಲೇ ಮಗುವನ್ನು ಮಲಗಿಸುವುದನ್ನು ದಯವಿಟ್ಟು ಬಿಡಿ. ಬತ್ತಿಗೂ ಕಿಟಕಿಯ ಜಾಲರಿಗೂ ಹೋಲಿಸಿದರೆ ಜಾಲರಿಯೇ ಎಲ್ಲ ರೀತಿಯಲ್ಲೂ ಮೇಲು. ಸೊಳ್ಳೆ ಒಳಗೆ ಬರುವುದಿಲ್ಲ, ಕಿಟಕಿ ರಾತ್ರಿಯೆಲ್ಲ ತೆರೆದೇ ಇರಬಹುದು. ರೂಂ ಫ್ರೆಶ್ನರ್ ಕೂಡ ಗಾಳಿಯನ್ನು ತೊಳೆಯುವುದಿಲ್ಲ. ಅದರ ನಿಂಬೆ, ಪೈನ್ ಪರಿಮಳದ ರಾಸಾಯನಿಕಗಳು ಗಾಳಿಯಲ್ಲಿರುವ ಓಝೋನ್ ಅನಿಲದ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲವನ್ನೂ ಅತಿ ಸಣ್ಣ ಕಣಗಳನ್ನೂ ಹುಟ್ಟಿಸುತ್ತವೆ. ಸಿಗರೇಟಿನ ಬಗ್ಗೆ ಒಂದೇ ಮಾತು: ಬೇರೆಯವರು ಸೇದಿದ ಹೊಗೆಗೆ ಅಪಾಯವಿಲ್ಲದ ಮಟ್ಟ ಎಂಬುದೇ ಇಲ್ಲ. ಕಿಟಕಿಯ ಬಳಿ ನಿಂತು ಸೇದಿದರೂ, ಪ್ಯೂರಿಫೈಯರ್ ಹಾಕಿ ಸೇದಿದರೂ ಮನೆಯವರೆಲ್ಲ ಅದನ್ನು ಉಸಿರಾಡುತ್ತಾರೆ.

ಕಿಟಕಿಗೆ ಸಾಟಿ ಯಾವಾಗ ಇಲ್ಲ, ಯಾವಾಗ ಇದೆ

ಉಸಿರುಗಾಳಿಗೂ ಅನಿಲಗಳಿಗೂ ಕಿಟಕಿಯನ್ನು ಮೀರಿಸುವ ಸಾಧನವಿಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇದೆ. ಒಳಗೆ ಅದು 1000 ದಾಟಿದರೆ ಗಾಳಿಯಾಟ ಸಾಲದು ಎಂಬ ಲೆಕ್ಕವನ್ನು ಜರ್ಮನಿಯ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 19ನೇ ಶತಮಾನದಲ್ಲೇ ಕೊಟ್ಟಿದ್ದರು, ಇವತ್ತಿಗೂ ಅದೇ ಅಂದಾಜು ಚಾಲ್ತಿಯಲ್ಲಿದೆ. ಬಾಗಿಲು, ಕಿಟಕಿ ಎರಡೂ ಮುಚ್ಚಿದ ಸಣ್ಣ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ 2000 ದಾಟುವುದು ಸಾಮಾನ್ಯ. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಒಂದು ಗುರುತು ಮಾತ್ರ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಮನೆಯಲ್ಲಿ ಒಬ್ಬರಿಗೆ ನೆಗಡಿ, ಜ್ವರ ಬಂದಾಗ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಸೀಲಿಂಗ್ ಫ್ಯಾನ್ ಇರುವ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ. ಗೋಡೆಗೆ ಹಾಕುವ ಸ್ಪ್ಲಿಟ್ ಏಸಿಯೂ ಅಷ್ಟೇ. ಅದರ ಕೊಳವೆಗಳಲ್ಲಿ ಓಡಾಡುವುದು ತಂಪುಕಾರಕ ದ್ರವವೇ ಹೊರತು ಹೊರಗಿನ ಗಾಳಿಯಲ್ಲ. ಏಸಿ ಹಾಕಿ ಮಲಗುವವರು ಮಲಗುವ ಮುಂಚೆ ಮತ್ತು ಎದ್ದ ಕೂಡಲೇ ಕಿಟಕಿ ತೆರೆಯಬೇಕು. ಬಾಗಿಲನ್ನು ಬೆರಳಗಲ ಸರಿಸಿ ಇಟ್ಟರೂ ಕೋಣೆಯ ಕಾರ್ಬನ್ ಡೈಆಕ್ಸೈಡ್ ಮಟ್ಟ ಇಳಿಯುತ್ತದೆ.

ಒಂದೇ ಕಿಟಕಿ ಪೂರ್ತಿ ತೆರೆಯುವುದಕ್ಕಿಂತ ಎದುರುಬದುರು ಎರಡನ್ನು ಅರ್ಧರ್ಧ ತೆರೆಯುವುದು ಲೇಸು, ಗಾಳಿಗೆ ಒಳಬರುವ ದಾರಿಯ ಜೊತೆ ಹೊರಹೋಗುವ ದಾರಿಯೂ ಸಿಗುತ್ತದೆ. ಎದುರು ಕಿಟಕಿ ಇಲ್ಲದ ಕೋಣೆಯಾದರೆ ಟೇಬಲ್ ಫ್ಯಾನನ್ನು ಹೊರಮುಖವಾಗಿ ಕಿಟಕಿಯಲ್ಲಿಟ್ಟು, ಬಾಗಿಲು ತೆರೆದಿಡಿ.

ಹೊರಗಿನ ಗಾಳಿಯೇ ಕೆಟ್ಟಿರುವಾಗ ಏನು ಮಾಡುವುದು? ಹತ್ತಿರದಲ್ಲಿ ಕಸ ಸುಡುತ್ತಿದ್ದರೆ, ಕಾಡ್ಗಿಚ್ಚಿನ ಹೊಗೆ ಬಂದಿದ್ದರೆ, ಮನೆ ದಟ್ಟ ವಾಹನಗಳ ರಸ್ತೆಗೆ ಅಂಟಿಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ. ಆಗಲೂ ಕಿಟಕಿಯನ್ನು ದಿನವಿಡೀ ಮುಚ್ಚಿಡುವ ಬದಲು ಹೊತ್ತು ನೋಡಿ ತೆರೆಯುವುದು ಸರಿ. ಬೆಳಗಿನ ಜಾವದ ಗಾಳಿ ಎಲ್ಲಕ್ಕಿಂತ ಶುದ್ಧ ಎಂದು ನಂಬಿಕೆ ಇದೆಯಲ್ಲ, ಚಳಿಗಾಲದಲ್ಲಿ ಅದು ಹಲವು ಸಲ ತಿರುಗಾಮುರುಗಾ. ತಣ್ಣಗಿನ ಗಾಳಿ ನೆಲಕ್ಕೆ ಒತ್ತಿಕೊಂಡು, ಹೊಗೆಯನ್ನೂ ಕೆಳಗೇ ಹಿಡಿದಿಟ್ಟುಕೊಂಡಿರುತ್ತದೆ. ಬಿಸಿಲೇರಿದ ಮೇಲೆ ನೆಲ ಕಾದು, ಗಾಳಿ ಮೇಲೆದ್ದು, ಹೊಗೆ ಚದುರುತ್ತದೆ. ಅಂಥ ದಿನಗಳಲ್ಲಿ ಮಧ್ಯಾಹ್ನ ಕಿಟಕಿ ತೆರೆದು, ಬೆಳಗ್ಗೆ ಮತ್ತು ರಾತ್ರಿ ಮುಚ್ಚಿ, ಮುಚ್ಚಿದ ಹೊತ್ತಿಗೆ ಪ್ಯೂರಿಫೈಯರ್ ಓಡಿಸುವುದು ಒಳ್ಳೆಯ ಜೋಡಿ.

ಅಡುಗೆಮನೆಯ ಚಿಮಣಿ: ಕೊಳವೆ ಎಲ್ಲಿಗೆ ಹೋಗುತ್ತದೆ ನೋಡಿ

ಚಿಮಣಿಗಳಲ್ಲಿ ಎರಡು ಜಾತಿ. ಒಂದು ಹೊಗೆಯನ್ನು ಕೊಳವೆಯಲ್ಲಿ ಗೋಡೆಯಾಚೆ ತಳ್ಳುತ್ತದೆ. ಇನ್ನೊಂದಕ್ಕೆ ಕೊಳವೆಯೇ ಇಲ್ಲ, ಹೊಗೆಯನ್ನು ಜಾಲರಿ ಮತ್ತು ಇದ್ದಿಲ ಪದರದ ಮೂಲಕ ಹಾಯಿಸಿ ವಾಪಸು ಅಡುಗೆಮನೆಗೇ ಬಿಡುತ್ತದೆ. ಎರಡನೆಯದು ಜಿಡ್ಡನ್ನು ಸ್ವಲ್ಪ ಹಿಡಿದೀತು. ಆದರೆ ತೇವ, ಕಾರ್ಬನ್ ಮಾನಾಕ್ಸೈಡ್ ಒಳಗೇ ಉಳಿಯುತ್ತವೆ, ನೈಟ್ರೋಜನ್ ಡೈಆಕ್ಸೈಡ್ ಕೂಡ ಬಹುಪಾಲು ಉಳಿಯುತ್ತದೆ. ಗೋಡೆಯಲ್ಲಿ ತೂತು ಕೊರೆಯುವ ಅವಕಾಶ ಇದ್ದವರು ಕೊಳವೆಯಿಲ್ಲದ್ದನ್ನು ಕೊಳ್ಳಲೇಬೇಡಿ. ಕೊಳವೆ ಹಾಕಲಾಗದಿದ್ದರೆ ಅದರ ಬದಲು ಕಿಟಕಿಗೆ ಒಂದು ಸಾದಾ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ವಾಸಿ.

ಇರುವ ಫ್ಯಾನ್ ಎಳೆಯುತ್ತಿದೆಯೇ ಎಂದು ನೋಡಲು ಒಂದು ಟಿಶ್ಯೂ ಕಾಗದ ಸಾಕು. ಫ್ಯಾನ್ ಓಡುವಾಗ ಚಿಮಣಿಯ ಜಾಲರಿಗೆ ಹಿಡಿದು ಕೈಬಿಡಿ. ಅಂಟಿಕೊಂಡು ನಿಂತರೆ ಎಳೆತ ಇದೆ. ಜಾರಿ ಬಿದ್ದರೆ ಜಾಲರಿಗೆ ಜಿಡ್ಡು ಕಟ್ಟಿದೆ, ಇಲ್ಲವೇ ಹೊರಗಿನ ಮುಚ್ಚಳ ತೆರೆಯುತ್ತಿಲ್ಲ. ಹಿಂದಿನ ಬರ್ನರುಗಳಲ್ಲಿ ಬೇಯಿಸಿದರೆ ಚಿಮಣಿಗೆ ಹೊಗೆ ಹೆಚ್ಚು ಸಿಗುತ್ತದೆ, ಮುಂದಿನ ಬರ್ನರಿನ ಹೊಗೆ ಬದಿಯಿಂದ ತಪ್ಪಿಸಿಕೊಂಡು ನೇರ ನಮ್ಮ ಮುಖಕ್ಕೇ ಬರುತ್ತದೆ. ಜಾಸ್ತಿ ಹೊಗೆ ಏಳುವ ಪಾತ್ರೆಯನ್ನು ಹಿಂದಕ್ಕೆ ಇಡುವುದಕ್ಕೆ ಖರ್ಚೇನೂ ಇಲ್ಲ. ಒಲೆ ಹಚ್ಚುವ ಮೊದಲೇ ಫ್ಯಾನ್ ಹಾಕಿ, ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲು ಬಿಡಿ.

ಒಂದು ಎಚ್ಚರಿಕೆ. ಜೋರಾದ ಎಕ್ಸಾಸ್ಟ್ ಫ್ಯಾನ್ ಹಾಕಿ ಎಲ್ಲ ಕಿಟಕಿ ಮುಚ್ಚಿದರೆ, ಹೊರಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಎಲ್ಲಿಂದಾದರೂ ಬರಲೇಬೇಕು. ಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಅದರ ಹೊಗೆಕೊಳವೆಯಿಂದಲೇ ಹಿಮ್ಮುಖವಾಗಿ ಎಳೆದುಕೊಳ್ಳಬಹುದು. ಆದ್ದರಿಂದ ಫ್ಯಾನ್ ಓಡುವಾಗ ಇನ್ನೊಂದು ಕಡೆ ಕಿಟಕಿ ಸ್ವಲ್ಪ ತೆರೆದಿರಲಿ.

ಪ್ಯೂರಿಫೈಯರ್ ಕೊಳ್ಳುವುದೇ ಆದರೆ

ತೊಂದರೆ ಕಣಗಳದ್ದೇ ಎಂದು ಖಾತ್ರಿಯಾದರೆ, ಅಂದರೆ ಹೊರಗಿನ ಹೊಗೆ, ಪರಾಗ, ಸಾಕುಪ್ರಾಣಿಗಳ ಮೈಯಿಂದ ಉದುರುವ ಹೊಟ್ಟಿನಂಥ ಚರ್ಮ ಇವೇ ಕಾರಣವಾದರೆ, ಇವುಗಳಿಂದ ಆಸ್ತಮಾ ಕೆರಳುತ್ತಿದ್ದರೆ, ಪ್ಯೂರಿಫೈಯರ್ ನಿಜಕ್ಕೂ ಉಪಕಾರಿ. ಪಿಎಂ 2.5 ಎಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪ 50ರಿಂದ 70 ಮೈಕ್ರಾನ್ ಎಂದರೆ ಇವು ಎಷ್ಟು ಸಣ್ಣವು ಎಂದು ಊಹಿಸಿ. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇವುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ಒಂದು ದಿನದ ಮಿತಿ 15.

ಹೆಪಾ ಎಂದರೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ದಟ್ಟ ನಾರಿನ ಫಿಲ್ಟರ್. ಅದು 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು ಎಂಬುದು ಅಮೆರಿಕದ ಮಾನದಂಡ. ಯುರೋಪಿನ ಎಚ್13 ದರ್ಜೆಯಲ್ಲಿ ಅದು ಶೇ 99.95. 0.3 ಮೈಕ್ರಾನಿಗಿಂತ ಸಣ್ಣ ಕಣ ನುಸುಳಿ ಹೋಗುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಹಾಗಲ್ಲ, ಹಿಡಿಯಲು ಅತ್ಯಂತ ಕಷ್ಟವಾದ ಗಾತ್ರವೇ ಅದರ ಆಸುಪಾಸಿನದು. ದೊಡ್ಡ ಕಣ ನೇರ ಹೋಗಿ ನಾರಿಗೆ ಡಿಕ್ಕಿ ಹೊಡೆಯುತ್ತದೆ, ತೀರಾ ಸಣ್ಣದು ಅಡ್ಡಾದಿಡ್ಡಿ ಅಲೆದಾಡಿ ನಾರಿಗೆ ಸಿಕ್ಕಿಬೀಳುತ್ತದೆ. ‘ಹೆಪಾ ಮಾದರಿ’, ‘ಹೆಪಾ ತರಹ’ ಎಂದಷ್ಟೇ ಬರೆದಿರುವುದಕ್ಕೆ ಯಾವ ಮಾನದಂಡದ ಬೆಂಬಲವೂ ಇಲ್ಲ.

ಆದರೆ ನಾನು ಡಬ್ಬಿಯಲ್ಲಿ ಮೊದಲು ಹುಡುಕುವುದು ಹೆಪಾ ಪದವನ್ನಲ್ಲ, ಸಿಎಡಿಆರ್ ಎಂಬ ಅಂಕಿಯನ್ನು. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಳತೆ ಅದು. ಲೆಕ್ಕ ಸುಲಭ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಇದ್ದರೆ 36 ಘನ ಮೀಟರ್ ಆಯಿತು. ಗಂಟೆಗೆ ಐದು ಸಲ ಇಡೀ ಕೋಣೆಯ ಗಾಳಿಯನ್ನು ಶೋಧಿಸಬೇಕೆಂದರೆ ಸಿಎಡಿಆರ್ 180 ಬೇಕು. ಹಾಗಿದ್ದರೆ ಕೋಣೆಯಲ್ಲಿರುವ ಹೊಗೆಯ ಶೇ 95ರಷ್ಟು ಸುಮಾರು 36 ನಿಮಿಷದಲ್ಲಿ ಇಳಿಯುತ್ತದೆ, ಹೊಸ ಹೊಗೆ ಸೇರುತ್ತಿಲ್ಲದಿದ್ದರೆ. ಅಂಕಿ ನಿಮಿಷಕ್ಕೆ ಘನ ಅಡಿಯಲ್ಲಿದ್ದರೆ 1.7ರಿಂದ ಗುಣಿಸಿಕೊಳ್ಳಿ. ‘ಇಷ್ಟು ಚದರಡಿಗೆ ಸಾಕು’ ಎಂಬ ಬರಹವನ್ನು ನಂಬಬೇಡಿ, ಕೆಲವರು ಗಂಟೆಗೆ ಒಂದೆರಡು ಸಲ ಶೋಧಿಸಿದರೆ ಸಾಕೆಂದು ಹಿಡಿದು ಆ ಅಂಕಿಯನ್ನು ಹಿಗ್ಗಿಸಿರುತ್ತಾರೆ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆ ಸಿಎಡಿಆರ್ ಸಾಮಾನ್ಯವಾಗಿ ಅತ್ಯಂತ ಜೋರಾದ ವೇಗದ್ದು. ಆ ಸದ್ದಿನಲ್ಲಿ ಯಾರೂ ಮಲಗಲಾರರು, ರಾತ್ರಿ ಎಲ್ಲರೂ ಕಡಿಮೆಗೆ ತಿರುಗಿಸುತ್ತಾರೆ, ಕೆಲಸ ಕಾಲುಭಾಗಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದಕ್ಕೇ ಕೋಣೆಗೆ ಸರಿಹೊಂದುವ ಯಂತ್ರಕ್ಕಿಂತ ಒಂದು ಅಳತೆ ದೊಡ್ಡದನ್ನು ತಂದು ಮಧ್ಯಮ ವೇಗದಲ್ಲಿ ಓಡಿಸುವುದು ಜಾಣತನ. ಒಂದೇ ಕೊಳ್ಳಲು ಸಾಧ್ಯವಿದ್ದರೆ ಹಜಾರದಲ್ಲಿಡದೆ ಮಲಗುವ ಕೋಣೆಯಲ್ಲಿಡಿ. ದಿನದಲ್ಲಿ ಏಳೆಂಟು ತಾಸು ಒಂದೇ ಕಡೆ ಇರುವುದು ಅಲ್ಲಿಯೇ.

ತಂದ ದಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಎಷ್ಟೋ ಯಂತ್ರಗಳಲ್ಲಿ ಹೊಸ ಫಿಲ್ಟರ್ ಪ್ಲಾಸ್ಟಿಕ್ ಚೀಲದೊಳಗೇ ಇರುತ್ತದೆ, ಅದನ್ನು ಬಿಚ್ಚದೆ ತಿಂಗಳುಗಟ್ಟಲೆ ಓಡಿಸುವ ಮನೆಗಳಿವೆ. ಫಿಲ್ಟರಿನ ಅಂಚಿನ ಸ್ಪಂಜಿನ ಪಟ್ಟಿ ಸುತ್ತಲೂ ಒತ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಅಲ್ಲಿ ಸಂದು ಇದ್ದರೆ ಗಾಳಿ ಫಿಲ್ಟರನ್ನು ತಪ್ಪಿಸಿ ಸಂದಿನಲ್ಲೇ ಹಾಯುತ್ತದೆ. ಕೊಳ್ಳುವ ಮೊದಲೇ ಬದಲಿ ಫಿಲ್ಟರ್ ಸುಲಭಕ್ಕೆ ಸಿಗುತ್ತದೆಯೇ, ಐದು ವರ್ಷಕ್ಕೆ ಎಷ್ಟು ಬೇಕಾಗುತ್ತದೆ ಎಂದು ವಿಚಾರಿಸಿ. ಅಗ್ಗದ ಯಂತ್ರಕ್ಕೆ ದುಬಾರಿ ಫಿಲ್ಟರ್ ಗಂಟುಬೀಳುವುದು ಮಾಮೂಲು.

ವಾಸನೆ, ಅನಿಲಕ್ಕೆ ಇದ್ದಿಲ ಫಿಲ್ಟರ್ ಬೇಕು. ಇಲ್ಲಿ ತೂಕವೇ ಎಲ್ಲ. ಕಪ್ಪು ಪುಡಿ ಸವರಿದ ತೆಳು ಜಾಲರಿ ಬೇಗ ತುಂಬಿಹೋಗುತ್ತದೆ, ಆಮೇಲೆ ಹಿಡಿದದ್ದನ್ನೇ ಮತ್ತೆ ಗಾಳಿಗೆ ಬಿಡಬಹುದು. ಕಿಲೋಗಟ್ಟಲೆ ಇದ್ದಿಲ ಹರಳು ತುಂಬಿದ ಯಂತ್ರ ಮಾತ್ರ ಗಮನಾರ್ಹ ಕೆಲಸ ಮಾಡುತ್ತದೆ. ಹೊಸ ಪ್ಲೈವುಡ್, ಪಾರ್ಟಿಕಲ್ ಬೋರ್ಡಿನ ಬೀರುಗಳಿಂದ ಬರುವ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೆಪಾ ಅದನ್ನು ತಡೆಯುವುದಿಲ್ಲ. ಸೆಕೆ, ತೇವ ಹೆಚ್ಚಿದಂತೆ ಅದು ಹೆಚ್ಚು ಹೊರಬರುತ್ತದೆ. ಹುಟ್ಟುವ ಮಗುವಿಗೆಂದು ಕೋಣೆ ಸಿಂಗರಿಸುವವರು ಹೊಸ ಪೀಠೋಪಕರಣ, ಪೇಂಟನ್ನು ಹೆರಿಗೆಗೆ ತಿಂಗಳುಗಳ ಮುಂಚೆಯೇ ಮುಗಿಸಿ, ಕಿಟಕಿ ತೆರೆದು ಬಿಡುವುದು ಯಾವ ಯಂತ್ರಕ್ಕಿಂತಲೂ ಮೇಲು.

ಓಝೋನ್ ಬಿಡುವ ಯಂತ್ರಗಳನ್ನು ಮಾತ್ರ ಮನೆಗೆ ತರಬೇಡಿ. ಮಳೆ ಬಂದು ನಿಂತಂಥ ವಾಸನೆ ಎಂದು ಹೊಗಳಿ ಮಾರುತ್ತಾರೆ, ಆದರೆ ಓಝೋನ್ ಶ್ವಾಸಕೋಶಕ್ಕೆ ನೇರ ಹಾನಿ ಮಾಡುವ ಅನಿಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇವುಗಳ ವಿರುದ್ಧ ಎಚ್ಚರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯ ಗಾಳಿಶೋಧಕ ಯಂತ್ರಗಳು ಹತ್ತು ಲಕ್ಷಕ್ಕೆ 0.05 ಭಾಗಕ್ಕಿಂತ ಹೆಚ್ಚು ಓಝೋನ್ ಹುಟ್ಟಿಸುವಂತಿಲ್ಲ. ಅಯೋನೈಸರ್ (ಗಾಳಿಯ ಕಣಗಳಿಗೆ ವಿದ್ಯುತ್ ಆವೇಶ ಕೊಡುವ ಭಾಗ, ಇದೂ ಓಝೋನ್ ಹುಟ್ಟಿಸಬಹುದು) ಗುಂಡಿ ಇರುವ ಪ್ಯೂರಿಫೈಯರ್ ಆಗಿದ್ದರೆ ಆ ಗುಂಡಿಯನ್ನು ಆರಿಸಿಡಿ.

ಕೊಳ್ಳುವುದಕ್ಕೆ ಎದುರಾಗಿ ಕಟ್ಟಿಕೊಳ್ಳುವ ದಾರಿಯೂ ಒಂದಿದೆ. 2020ರಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಎಂಬಿಬ್ಬರ ಹೆಸರಿನಲ್ಲಿ ಪ್ರಸಿದ್ಧವಾದ ಪೆಟ್ಟಿಗೆ ಅದು: ನಾಲ್ಕೈದು ಮರ್ವ್-13 ದರ್ಜೆಯ ಫಿಲ್ಟರುಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಟೇಪ್ ಸುತ್ತಿ, ಮೇಲೊಂದು ಚೌಕ ಫ್ಯಾನ್. ಈ ಫಿಲ್ಟರ್ ಹೆಪಾದಷ್ಟು ಬಿಗಿಯಲ್ಲ, 1ರಿಂದ 3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ 85, ಅದಕ್ಕಿಂತ ಸಣ್ಣವುಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಹಿಡಿಯುತ್ತದೆ. ಆದರೂ ಅದು ಗೆಲ್ಲುವುದು ಗಾಳಿಯ ಪ್ರಮಾಣದಲ್ಲಿ. ಒಂದೇ ಗಾಳಿ ಮತ್ತೆ ಮತ್ತೆ ಹಾಯುವುದರಿಂದ ಪ್ರತಿ ಸಲ ಸ್ವಲ್ಪ ಬಿಟ್ಟುಹೋದರೂ ಒಟ್ಟು ಲೆಕ್ಕದಲ್ಲಿ ಅನೇಕ ದುಬಾರಿ ಯಂತ್ರಗಳನ್ನು ಮೀರಿಸುತ್ತದೆ. ಸದ್ದು ಹೆಚ್ಚು, ಜಾಗವೂ ಬೇಕು. ಕಾಡ್ಗಿಚ್ಚಿನ ಹೊಗೆಯಂಥ ತುರ್ತಿಗೆ ಇದಕ್ಕಿಂತ ಕೈಗೆಟಕುವ ಉಪಾಯ ನನಗೆ ಗೊತ್ತಿಲ್ಲ.

ಗಿಡಗಳು

ನಾಸಾ 1989ರಲ್ಲಿ ಮಾಡಿದ ಪ್ರಯೋಗದ ಹೆಸರು ಹೇಳಿ ಗಿಡ ಮಾರುವವರು ಬಹಳ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯಾಟಕ್ಕೆ ಸಮನಾಗಲು ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕೆಂದು ಬಂತು. ಮೂಲೆಯಲ್ಲಿಟ್ಟ ನಾಲ್ಕು ಕುಂಡ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕಣ್ಣಿಗೆ ತಂಪೆಂದು ಖಂಡಿತ ಬೆಳೆಸಿ, ಮಣ್ಣು ಸದಾ ಒದ್ದೆಯಾಗಿರದಂತೆ ನೋಡಿಕೊಳ್ಳಿ.

ತೇವ ಇದ್ದಲ್ಲಿ

ಬೂಷ್ಟು ಇರುವ ಮನೆಗೆ ಪ್ಯೂರಿಫೈಯರ್ ತಂದರೆ ಹಾರಾಡುವ ಬೀಜಕಣಗಳು ಸ್ವಲ್ಪ ಕಡಿಮೆಯಾದಾವು, ಬೂಷ್ಟು ಬೆಳೆಯುತ್ತಲೇ ಇರುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ: ಸೋರುವ ಪೈಪು, ಬಿರುಕುಬಿಟ್ಟ ಗೋಡೆ, ಒಳಗೇ ಒಣಹಾಕುವ ಬಟ್ಟೆ, ಫ್ಯಾನಿಲ್ಲದ ಬಚ್ಚಲು. ಒದ್ದೆಯಾದದ್ದನ್ನು 24ರಿಂದ 48 ತಾಸಿನೊಳಗೆ ಒಣಗಿಸಿದರೆ ಬೂಷ್ಟು ಹಿಡಿಯುವುದು ಅಪರೂಪ. ಗಾಳಿಯ ತೇವಾಂಶ ಶೇ 60 ದಾಟಬಾರದು, 30ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಏಸಿ ತಂಪು ಮಾಡುತ್ತ ತೇವವನ್ನೂ ಇಳಿಸುತ್ತದೆ, ಆದರೆ ಸೆಕೆಯಿಲ್ಲದ ಮಳೆಯ ದಿನಗಳಲ್ಲಿ ಅದು ಹೆಚ್ಚು ಹೊತ್ತು ಓಡುವುದೇ ಇಲ್ಲ. ಅಂಥ ಕಡೆ ಡಿಹ್ಯುಮಿಡಿಫೈಯರ್ ಹೆಚ್ಚು ಉಪಯೋಗಿ, ಹಾಕಿದಾಗ ಮಾತ್ರ ಕಿಟಕಿ ಮುಚ್ಚಿರಬೇಕು.

ಒಣ ಹವೆಯವರಿಗೆ ಹ್ಯುಮಿಡಿಫೈಯರ್ ಬೇಕಾದೀತು. ಕಂಪನದಿಂದ ನೀರನ್ನು ಮಂಜಾಗಿಸುವ ಅಲ್ಟ್ರಾಸಾನಿಕ್ ಬಗೆಯದಕ್ಕೆ ಗಡಸು ನೀರು ಹಾಕಿದರೆ ನೀರಿನ ಲವಣಗಳೆಲ್ಲ ಸಣ್ಣ ಕಣಗಳಾಗಿ ಗಾಳಿಗೆ ಸೇರುತ್ತವೆ, ಮೇಜಿನ ಮೇಲೆ ಬಿಳಿ ಪುಡಿ ಕೂರುವುದು ಅದರಿಂದಲೇ. ಭಟ್ಟಿ ಇಳಿಸಿದ ನೀರು ಹಾಕಿ, ಇಲ್ಲವೇ ಒದ್ದೆ ಬತ್ತಿಯಿಂದ ಆವಿಯಾಗಿಸುವ ಬಗೆಯದನ್ನು ಆರಿಸಿ.

ಅಳೆಯುವ ಸಾಧನಗಳು

ಸಣ್ಣ ಪಿಎಂ 2.5 ಮೀಟರ್ ಒಂದು ಮನೆಯಲ್ಲಿದ್ದರೆ ಕಲಿಯುವುದು ಬಹಳವಿದೆ. ಬಾಣಲೆ ಕಾದಾಗ ಅಂಕಿ ಏರುವುದು, ಚಿಮಣಿ ಹಾಕಿದಾಗ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಇವು ಕಣಗಳ ಮೇಲೆ ಲೇಸರ್ ಬೆಳಕು ಬಿಟ್ಟು ಚದುರುವಿಕೆಯನ್ನು ಅಳೆಯುತ್ತವೆ, ಮಂಜನ್ನೂ ಆವಿಯನ್ನೂ ಧೂಳೆಂದೇ ಎಣಿಸುತ್ತವೆ. ಏರಿಳಿತವನ್ನು ನಂಬಿ, ನಿಖರ ಅಂಕಿಯನ್ನಲ್ಲ. ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳುವಾಗ ಅವಗೆಂಪು ಬೆಳಕಿನಿಂದ ಆ ಅನಿಲವನ್ನೇ ನೇರ ಅಳೆಯುವ ಎನ್‌ಡಿಐಆರ್ ಸಂವೇದಕ ಇದೆಯೇ ನೋಡಿ. ಅಗ್ಗದ ಕೆಲವು ಸಾಧನಗಳು ಬೇರೆ ಅನಿಲಗಳನ್ನು ಅಳೆದು ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದು ಎಂದು ಊಹಿಸುತ್ತವೆ, ಹತ್ತಿರ ಸ್ಯಾನಿಟೈಸರ್ ತೆರೆದರೆ ಸಾಕು ಅಂಕಿ ಹಾರುತ್ತದೆ.

ರೇಡಾನ್ ಬೇರೆಯೇ ಕಥೆ. ನೆಲದ ಕೆಳಗಿನ ಬಂಡೆ, ಮಣ್ಣಿನ ಯುರೇನಿಯಂನಿಂದ ಹುಟ್ಟಿ ಬಿರುಕುಗಳಲ್ಲಿ ಮನೆಗೆ ಬರುವ ವಿಕಿರಣಶೀಲ ಅನಿಲ ಅದು. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಪ್ರಮುಖ ಕಾರಣಗಳಲ್ಲಿ ಒಂದು. ವಾಸನೆ, ಬಣ್ಣ ಯಾವುದೂ ಇಲ್ಲ, ಅಳೆಯದೆ ಗೊತ್ತಾಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂಚಕ ಮಟ್ಟ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆ). ನೆಲಮಾಳಿಗೆಯಲ್ಲಿ, ನೆಲಮಟ್ಟದಲ್ಲಿ ವಾಸಿಸುವವರು ತಿಂಗಳುಗಳ ಕಾಲ ಇಡುವ ಪರೀಕ್ಷಾ ಸಾಧನವನ್ನು ಆರಿಸಬೇಕು, ಎರಡು ದಿನದ ಪರೀಕ್ಷೆಗಿಂತ ಅದೇ ನಂಬಲರ್ಹ.

ಕೊನೆಗೆ, ಗ್ಯಾಸ್ ಗೀಸರ್, ಇದ್ದಿಲ ಅಗ್ಗಿಷ್ಟಿಕೆ, ಜನರೇಟರ್ ಇವುಗಳಲ್ಲಿ ಯಾವುದೇ ಇರುವ ಮನೆಯವರು ಪ್ಯೂರಿಫೈಯರಿಗೆ ಮುಂಚೆ ಕೊಳ್ಳಬೇಕಾದದ್ದು ಕಾರ್ಬನ್ ಮಾನಾಕ್ಸೈಡ್ ಅಲಾರಾಂ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದಂತೆ ಜೀವ ತೆಗೆಯುತ್ತದೆ. ಹೊಗೆಯ ಅಲಾರಾಂ ಇದನ್ನು ಗುರುತಿಸುವುದಿಲ್ಲ, ಪಿಎಂ ಮೀಟರ್ ಕೂಡ ಗುರುತಿಸುವುದಿಲ್ಲ. ಯುಎಲ್ 2034 (ಅಮೆರಿಕ) ಅಥವಾ ಇಎನ್ 50291 (ಯುರೋಪು) ಮಾನದಂಡದ ಗುರುತು ಇರುವುದನ್ನೇ ಆರಿಸಿ, ಮಲಗಿದವರಿಗೆ ಕೇಳಿಸುವಷ್ಟು ಹತ್ತಿರ ಹಾಕಿ, ಹಿಂಬದಿಯಲ್ಲಿ ಅಚ್ಚಾದ ಅವಧಿ ಮುಗಿದ ಕೂಡಲೇ ಬದಲಾಯಿಸಿ. ಇದು ಕೂಗಿದಾಗ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುತ್ತ ನಿಲ್ಲಬೇಡಿ. ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ, ತುರ್ತು ಸೇವೆಗೆ ಹೊರಗಿನಿಂದಲೇ ಫೋನ್ ಮಾಡಿ, ಅವರು ಬಂದು ಪರೀಕ್ಷಿಸುವ ತನಕ ಒಳಗೆ ಹೋಗಬೇಡಿ.